ಒಬ್ಬರ ದೋಣಿ

ಸೆಪ್ಟೆಂಬರ್ 30, ಸೋಮವಾರ

ದಿನಾ ಬೆಳಿಗ್ಗೆ ರಕ್ತದೊತ್ತಡ ನೋಡಿ ಬರೆದಿಡಬೇಕೆಂದು ಡಾಕ್ಟರು ಹೇಳಿದ್ದಾರೆ. ಇಂದು ನೂರ ಐವತ್ತೆಂಟು, ತೊಂಬತ್ತು. ಒಂದು ಪುಟದಲ್ಲಿ ಒಂದೇ ಸಾಲು ಬರೆದು ಕಾಗದ ಹಾಳುಮಾಡುವ ಹೆಂಗಸು ನಾನಲ್ಲ. ಸಕ್ಕರೆ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಇಪ್ಪತ್ತೆರಡು ವರ್ಷ ಹದಿನಾಲ್ಕು ಜನ ಅಡುಗೆಯವರನ್ನು ಆಳಿದವಳು. ಅಲ್ಲಿ ಆಲೂಗಡ್ಡೆ ಸಿಪ್ಪೆ ಕೂಡ ನನ್ನನ್ನು ಕೇಳದೆ ಹೊರಗೆ ಹೋಗುತ್ತಿರಲಿಲ್ಲ. ಆದ್ದರಿಂದ ಉಳಿದ ಜಾಗದಲ್ಲಿ ದಿನದ ಸಂಗತಿ ಬರೆಯುತ್ತೇನೆ.

ಮೊಮ್ಮಗಳು ನೆವೆನಾ ಶನಿವಾರ ದೋಣಿ ಕ್ಲಬ್ಬಿನಿಂದ ಒಂದು ಹಾಳೆ ತಂದಿದ್ದಳು. ಮೇಲೆ ‘ಈ ವರ್ಷ ನನ್ನ ಗುರಿ’ ಎಂದು ಅಚ್ಚಾಗಿದೆ, ಕೆಳಗೆಲ್ಲ ಖಾಲಿ. ಕೋಚ್ ತಿಹೊಮಿರ್ ಮುಂದಿನ ವಾರ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಮಾತಾಡುತ್ತಾನಂತೆ. ಮನೆಯ ಹಿರಿಯರೊಬ್ಬರು ಜೊತೆಗಿರಬೇಕಂತೆ. ಈ ಮನೆಗೆ ಹಿರಿಯಳು ನಾನೇ. ಇವಳ ತಾಯಿ ತೀರಿಕೊಂಡು ಹತ್ತು ವರ್ಷ. ನನ್ನ ಮಗ ಮಿಲೋಯೆ ಲಾರಿ ಓಡಿಸುತ್ತ ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿರುತ್ತಾನೆ, ಆ ನಾಲ್ಕು ದಿನವೂ ನಿದ್ದೆ ಮಾಡುತ್ತಾನೆ.

ಹಾಳೆ ಎರಡು ದಿನದಿಂದ ಬ್ರೆಡ್ಡಿನ ಡಬ್ಬದ ಕೆಳಗೆ ಬಿದ್ದಿತ್ತು. ನಾನೇ ತೆಗೆದು ದುಂಡಗಿನ ಅಕ್ಷರದಲ್ಲಿ ಬರೆದೆ: ‘ರಾಷ್ಟ್ರೀಯ ಪಂದ್ಯದಲ್ಲಿ, ಒಬ್ಬರ ದೋಣಿಯಲ್ಲಿ, ಮೊದಲ ಸ್ಥಾನ.’

"ಅಜ್ಜೀ, ಅದನ್ನ ನಾನು ಬರೀಬೇಕಿತ್ತು."

"ಮತ್ತೆ ಎರಡು ದಿನ ಏನು ಮಾಡ್ತಿದ್ದೆ?"

"ಯೋಚನೆ ಮಾಡ್ತಿದ್ದೆ."

"ಹದಿನೇಳು ವರ್ಷದವಳಿಗೆ ಎಂಥ ಯೋಚನೆ? ಸೂಪು ಆರಿಹೋಗ್ತಿದೆ, ಕುಡಿ."

ಕುಡಿದಳು. ಮಾತು ಕೇಳುವ ಹುಡುಗಿ. ನಾನು ಬೆಳೆಸಿದ್ದು.

ಅಕ್ಟೋಬರ್ 9, ಬುಧವಾರ

ನೂರ ಎಪ್ಪತ್ತು, ತೊಂಬತ್ತೆಂಟು. ಇದು ಕ್ಲಬ್ಬಿನವರು ದೋಣಿಗಳನ್ನಿಡುವ ದೋಣಿಮನೆಯಿಂದ ಬಂದ ಮೇಲೆ ನೋಡಿದ್ದು.

ಕಪ್ಪು ಕೋಟು ಹಾಕಿಕೊಂಡು ಹೋಗಿದ್ದೆ. ತಿಹೊಮಿರ್ ಒಂದು ಸ್ಟೂಲನ್ನು ತನ್ನ ತೋಳಿನಿಂದಲೇ ಒರೆಸಿ ಕೊಟ್ಟ. ನಲವತ್ತೈದರ ಆಸುಪಾಸಿನ ಮನುಷ್ಯ, ದಕ್ಷಿಣದ ಬೆಟ್ಟದ ಕಡೆಯವನು. ಮೊಣಕಾಲುದ್ದ ನೀರಿಲ್ಲದ ಊರಿನಿಂದ ಬಂದು, ತೀಸಾ ನದಿಯ ದಂಡೆಯಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಹುಟ್ಟು ಹಾಕುವುದನ್ನು ಕಲಿಸುತ್ತಾನೆ.

"ಹೇಳು ನೆವೆನಾ, ಈ ವರ್ಷ ಏನು ಬೇಕು ನಿನಗೆ?" ಎಂದ.

"ಹಾಳೇಲಿ ಬರೆದಿದೆಯಲ್ಲ," ಎಂದೆ.

"ಅಕ್ಷರ ಮುತ್ತಿನ ಹಾಗಿದೆ ಅಮ್ಮ. ಆದ್ರೆ ಇದು ನಿಮ್ಮ ಗುರಿ. ನಾನು ಇವಳದ್ದು ಕೇಳಿದೆ."

ನೆವೆನಾ ಬಾಯಿ ತೆರೆಯುವಂತೆ ಕಂಡಳು. ಹುಡುಗಿ ತಡವರಿಸಿ ಮರ್ಯಾದೆ ಕಳೆಯುವುದು ಬೇಡವೆಂದು ನಾನೇ ಹೇಳಿದೆ: "ಇವಳದ್ದೂ ಅದೇ. ನಮ್ಮ ಮನೆಯವರು ಗೆಲುವನ್ನ ಯಾರ ಜೊತೆಗೂ ಹಂಚಿಕೊಂಡವರಲ್ಲ."

ಆಗ ಅವನು ಸಂಗತಿ ಹೊರಹಾಕಿದ. ನದಿಯ ಕೆಳಗಿನ ದೊಡ್ಡ ಊರಿನ ಕ್ಲಬ್ಬು ಹುಡುಗಿಯರ ನಾಲ್ವರ ದೋಣಿಯೊಂದನ್ನು ಕಟ್ಟುತ್ತಿದೆಯಂತೆ. ಮೂವರು ಸಿಕ್ಕಿದ್ದಾರೆ, ಒಂದು ಜಾಗ ಖಾಲಿ. ಬೇಸಿಗೆಯಲ್ಲಿ ಇವಳು ಅವರ ಜೊತೆ ಎರಡು ಸಲ ದೋಣಿ ನಡೆಸಿ ನೋಡಿದ್ದಾಳೆ. ವಾರವೆಲ್ಲ ಅಲ್ಲಿಯ ಹೈಸ್ಕೂಲಿನ ಹಾಸ್ಟೆಲಿನಲ್ಲಿದ್ದು ಭಾನುವಾರ ಮನೆಗೆ ಬರಬಹುದು. ಇವಳೇ ಹೋದ ತಿಂಗಳು ಅವನ ಹತ್ತಿರ ಹೋಗಿ "ನನಗೆ ಅದು ಬೇಕು" ಎಂದಿದ್ದಾಳೆ. ನನಗೆ ಹೇಳಲು ಹೆದರಿಕೆಯಂತೆ.

"ಹಾಸ್ಟೆಲಿನ ಅಡುಗೆ ನಾನು ಬಲ್ಲೆ," ಎಂದೆ. "ನೀರಿಗೆ ಬಣ್ಣ ಹಾಕಿ ಸೂಪು ಅಂತಾರೆ. ಇವಳಿಗೆ ಗಂಟಲು ಸೂಕ್ಷ್ಮ. ಅದೂ ಅಲ್ಲದೆ, ನಾಲ್ಕು ಜನರಲ್ಲಿ ಒಬ್ಬಳಾಗೋಕೆ ನಾನು ಇವಳನ್ನ ಬೆಳೆಸಿಲ್ಲ."

"ಒಬ್ಬಳೇ ಹೋದರೂ ಗೆಲ್ತಾಳೆ ಅಮ್ಮ, ನಾನೇನು ಇಲ್ಲ ಅಂದ್ನಾ? ಆದ್ರೆ ಒಬ್ಬಳೇ ಇರೋಕೆ ಇವಳ ಕೈಲಿ ಆಗ್ತಿಲ್ಲ."

"ಅದನ್ನೂ ಕಲೀಬೇಕು. ನಾನು ಕಲಿತಿಲ್ವಾ?"

ಅವನು ನನ್ನನ್ನು ನೋಡಿದ ರೀತಿ ನನಗೆ ಹಿಡಿಸಲಿಲ್ಲ. ಆರು ವರ್ಷದಿಂದ ಹೊಟ್ಟೆಯೊಳಗಿದ್ದದ್ದು ಬಾಯಿಗೆ ಬಂತು. "ನಮ್ಮ ಮನೆ ಹುಡುಗಿ ವಿಷಯ ಮಾತಾಡೋಕೆ ನಿನಗೆ ಬಾಯಿದೆ. ಆರು ವರ್ಷದಲ್ಲಿ ಒಂದು ಸಲವಾದ್ರೂ ನಮ್ಮ ಸ್ಲಾವಾಕ್ಕೆ ಬಂದಿದ್ದೀಯಾ? ನಮ್ಮ ಮನೆತನದ ಸಂತನ ದಿನ ಬಾಗಿಲು ತೆರೆದಿಟ್ಟು ಕಾಯ್ತೀನಿ. ಕುಂಟರೂ ಬರ್ತಾರೆ, ಕುರುಡರೂ ಬರ್ತಾರೆ. ನಿನಗೆ ದಾರಿ ಗೊತ್ತಿಲ್ಲ!"

ತಿಹೊಮಿರ್‌ನ ಮುಖ ಕೆಂಪಾಯಿತು. "ನೀವು ಕರೀಲೇ ಇಲ್ಲವಲ್ಲ?"

"ಸ್ಲಾವಾಕ್ಕೆ ಕರೀತಾರೇನೋ? ಮದುವೆಗೆ ಕರೀತಾರೆ. ಸ್ಲಾವಾಕ್ಕೆ ಬರೋರು ಬರ್ತಾರೆ."

"ನಮ್ಮ ಕಡೆ ಹಾಗಲ್ಲ ಅಮ್ಮ. ಮೊದಲನೇ ಸಲ ಮನೆಯ ಹಿರಿಯರು ‘ಬಾ’ ಅಂತಾರೆ, ಒಂದೇ ಸಲ. ಆಮೇಲೆ ಸಾಯೋವರೆಗೂ ಕರೆಯೋದಿಲ್ಲ, ನಾವು ತಪ್ಪಿಸೋದೂ ಇಲ್ಲ. ಪ್ರತಿ ವರ್ಷ ನವೆಂಬರ್ ಹದಿನಾರಕ್ಕೆ ನಾನು ಅಂಗಿ ಇಸ್ತ್ರಿ ಮಾಡಿಟ್ಟುಕೊಂಡು ಕೂತಿರ್ತಿದ್ದೆ. ನಿಮಗೆ, ಕೊಸಾರಮ್ಮನಿಗೆ, ಈ ಬೆಟ್ಟದವನು ಬೇಡ ಅಂತ ತಿಳ್ಕೊಂಡೆ."

ಇದೆಲ್ಲ ನೆಪ. ಪದ್ಧತಿ ಎಂದರೆ ನಮ್ಮ ಕಡೆಯದು ಪದ್ಧತಿ.

ಅವಳನ್ನು ಕಳಿಸುವ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ಹದಿನೆಂಟನೇ ನವೆಂಬರ್‌ವರೆಗೆ ಸಮಯವಿದೆ ಎಂದ. ಹಾಕುವುದಿಲ್ಲ ಎಂದು ಹೇಳಿ ಎದ್ದೆ. ಮನೆಗೆ ಬರುವಾಗ ನೆವೆನಾ ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು. ಕರೆಯಲಿಲ್ಲ. ದಾರಿ ಅವಳಿಗೂ ಗೊತ್ತು.

ಅಕ್ಟೋಬರ್ 10, ಗುರುವಾರ

ನೂರ ಅರವತ್ತನಾಲ್ಕು, ತೊಂಬತ್ತಾರು. ನೆವೆನಾಳ ಮಾತಿಲ್ಲ.

ಅಕ್ಟೋಬರ್ 17, ಗುರುವಾರ

ರಾದಿವೊಯೆಯನ್ನು ಮಣ್ಣು ಮಾಡಿ ಬಂದೆವು. ನನ್ನ ಗಂಡ ಸ್ರೆಟೆನ್ ಜೊತೆ ಕಾರ್ಖಾನೆಯಲ್ಲಿದ್ದವನು. ನಲವತ್ತೊಂದು ವರ್ಷ ನಮ್ಮ ಸ್ಲಾವಾಕ್ಕೆ ತಪ್ಪದೆ ಬಂದ. ಹೋದ ವರ್ಷ ಇಬ್ಬರು ಅವನನ್ನು ಎತ್ತಿ ಮೆಟ್ಟಿಲು ಹತ್ತಿಸಿದ್ದರು.

ಈ ಸಲ ಒಂದು ತಟ್ಟೆ ಕಡಿಮೆ. ಸ್ರೆಟೆನ್ ಇದ್ದಾಗ ಮೂವತ್ತನಾಲ್ಕು ಜನರಾಗುತ್ತಿದ್ದರು. ಮೇಜು ಸಾಲದೆ ಬಾಗಿಲು ಕಳಚಿ ಇಟ್ಟಿಗೆ ಮೇಲೆ ಹಾಸುತ್ತಿದ್ದೆವು. ಹೋದ ವರ್ಷ ಏಳು ಜನ. ಹಳಬರು ಸಾಯುತ್ತಾರೆ, ಅದು ದೇವರ ಲೆಕ್ಕ. ಹೊಸಬರು ಯಾಕೆ ಬರುವುದಿಲ್ಲವೋ ತಿಳಿಯದು. ಈಗಿನವರಿಗೆ ರೀತಿ ರಿವಾಜು ಗೊತ್ತಿಲ್ಲ.

ನೆವೆನಾಳ ಅಂಗೈಯಲ್ಲಿ ಬೊಬ್ಬೆ ಒಡೆದಿದೆ. ಮುಲಾಮು ಮೇಜಿನ ಮೇಲಿಟ್ಟೆ. ಹಚ್ಚಿಕೊಂಡಿದ್ದಾಳೆ. ಮುಚ್ಚಳ ಸರಿಯಾಗಿ ಹಾಕಿಲ್ಲ.

ಅಕ್ಟೋಬರ್ 26, ಶನಿವಾರ

ಇವತ್ತು ಪಂದ್ಯ. ನೆವೆನಾ ಗೆದ್ದಳು. ಒಬ್ಬರ ದೋಣಿ, ಎಂಟು ಹುಡುಗಿಯರು, ಎರಡನೆಯವಳು ಮೂರು ದೋಣಿಯಷ್ಟು ಹಿಂದೆ. ನಾನು ದಂಡೆಯ ಮೇಲೆ ನಿಂತು ನೋಡಿದೆ. ಜನ ಚಪ್ಪಾಳೆ ತಟ್ಟಿದರು. ನಾನು ಹೇಳಿದ್ದು ಸರಿ ಎಂದು ತಿಹೊಮಿರ್‌ನ ಕಡೆ ಒಮ್ಮೆ ನೋಡಿದೆ. ಅವನು ನನ್ನನ್ನು ನೋಡುತ್ತಿರಲಿಲ್ಲ, ನೀರನ್ನು ನೋಡುತ್ತಿದ್ದ.

ಅವಳು ದಂಡೆಗೆ ಬರಲಿಲ್ಲ. ಉಳಿದವರೆಲ್ಲ ಬಂದು, ದೋಣಿ ಎತ್ತಿ ಒಣಗಿಸಿ, ಕೋಟು ಹಾಕಿಕೊಂಡರು. ನಮ್ಮವಳು ಹುಟ್ಟುಗಳನ್ನು ನೀರಿನ ಮೇಲೆ ಚಾಚಿಟ್ಟು, ನದಿಯ ನಡುವೆ ಬೆನ್ನು ಬಾಗಿಸಿ ಕೂತಿದ್ದಳು. ನೀರು ಅವಳನ್ನು ಮೆಲ್ಲಗೆ ಕೆಳಕ್ಕೆ ಒಯ್ಯುತ್ತಿತ್ತು. ಇಪ್ಪತ್ತು ನಿಮಿಷವಾದರೂ ಆಗಿರಬೇಕು. ಬೆವರಿದ ಮೈಯಲ್ಲಿ ಹಾಗೆ ಕೂತರೆ ಶೀತವಾಗುತ್ತದೆ. ಅಷ್ಟು ದೂರಕ್ಕೆ ನನ್ನ ಧ್ವನಿ ಮುಟ್ಟುವುದಿಲ್ಲ. ಹಿಂದೆ ಕ್ಯಾಂಟೀನಿನ ಈ ತುದಿಯಿಂದ ಆ ತುದಿಗೆ ಮುಟ್ಟುತ್ತಿತ್ತು.

ಪದಕವನ್ನು ಕಪಾಟಿನಲ್ಲಿ ತೂಗುಹಾಕಿದ್ದೇನೆ.

ಅಕ್ಟೋಬರ್ 27, ಭಾನುವಾರ

ಮೇಲಿನ ಮಹಡಿಯ ಲೆಪೊಸಾವಾ ಬಂದಿದ್ದಳು. ಅವಳಿಗೆ ನಮ್ಮ ಅಡುಗೆಮನೆಯ ಕೊಳವೆಯಲ್ಲಿ ನಮ್ಮ ಮಾತೆಲ್ಲ ಕೇಳುತ್ತದೆ. ಈಗ ಏನೂ ಕೇಳದಿರುವುದರಿಂದ ಬಂದಿದ್ದಾಳೆ.

"ಹುಡುಗಿ ಗೆದ್ದಳಂತೆ. ಮತ್ತೆ ಮನೇಲಿ ಹೆಣ ಇಟ್ಟುಕೊಂಡ ಹಾಗೆ ಕೂತಿದ್ದೀಯಲ್ಲೇ ಕೊಸಾರಾ?"

"ಗೆದ್ದವರು ಕುಣೀಬೇಕು ಅಂತ ಏನಿದೆ?"

"ಸೋತವರೂ ಇಷ್ಟು ಸುಮ್ಮನಿರಲ್ಲ ಕಣೇ. ಸ್ಲಾವಾಕ್ಕೆ ಈ ಸಲ ಎಷ್ಟು ತಟ್ಟೆ?"

"ಬಂದಷ್ಟು."

"ಅಂದ್ರೆ ಆರು," ಎಂದಳು. ನಾಲಿಗೆಗೆ ಎಲುಬಿಲ್ಲದ ಹೆಂಗಸು. ಕಾಫಿ ಎರಡು ಲೋಟ ಕುಡಿದಳು. ಇನ್ನೊಂದು ಲೋಟ ಬೇಕೇ ಎಂದು ಕೇಳಿದೆ. ಬೇಡವೆಂದು ಎದ್ದು ಹೋದಳು.

ನವೆಂಬರ್ 3, ಭಾನುವಾರ

ನೂರ ಅರವತ್ತೆಂಟು, ತೊಂಬತ್ತೇಳು.

ಇಪ್ಪತ್ತೈದು ದಿನಗಳ ಮೇಲೆ ನೆವೆನಾ ಮಾತಾಡಿದಳು. ಊಟ ಮುಗಿಸಿ, ತಟ್ಟೆ ತೊಳೆದಿಟ್ಟು, ಕೈ ಒರೆಸಿಕೊಂಡು, ಆಮೇಲೆ ಮಾತು. ಅಳಲಿಲ್ಲ, ಕೂಗಲಿಲ್ಲ.

"ಸ್ಕೂಲು ಮುಗಿಯೋವರೆಗೂ ನೀನು ಹೇಳಿದ ದೋಣೀಲೇ ಕೂರ್ತೀನಿ ಅಜ್ಜಿ. ನೀನು ಹೇಳಿದ ಪಂದ್ಯ ಗೆದ್ದು ಕೊಡ್ತೀನಿ. ಆಮೇಲೆ ನದಿ ಕಡೆ ತಲೆ ಹಾಕಿ ಕೂಡ ಮಲಗಲ್ಲ."

"ಹಾಗಂದ್ರೆ?"

"ಬಿಟ್ಟುಬಿಡ್ತೀನಿ. ಎಲ್ಲಾನೂ."

ಎಲ್ಲವನ್ನೂ ಎಂದರೆ ಏನೇನು ಎಂದು ಕೇಳಬಹುದಿತ್ತು. "ಸ್ಪಂಜು ಹಿಂಡಿಡು," ಎಂದೆ. ಹಿಂಡಿಟ್ಟಳು.

ಹನ್ನೊಂದು ವರ್ಷದವಳಿದ್ದಾಗ ಈ ಹುಡುಗಿ ಮೊದಲ ದಿನ ದೋಣಿಯಿಂದ ಬಂದು, ಬೂಟು ಬಿಚ್ಚದೆ, ಅಡುಗೆಮನೆಯ ನೆಲದ ಮೇಲೆ ಕೂತು ಪೊರಕೆ ಹಿಡಿದು ಹೇಗೆ ಹುಟ್ಟು ಹಾಕುವುದೆಂದು ತೋರಿಸಿದ್ದಳು. ನೆಲವೆಲ್ಲ ಕೆಸರು. ಬೈದಿದ್ದೆ. ಯಾಕೆ ಇದು ಈಗ ನೆನಪಾಯಿತೋ. ಮಾತ್ರೆಯ ಪರಿಣಾಮವಿರಬೇಕು.

ನವೆಂಬರ್ 10, ಭಾನುವಾರ

ಔಷಧಿ ಅಂಗಡಿಗೆ ಹೋಗಿದ್ದೆ. ಭಾನುವಾರ ಅದು ತೆರೆದಿರುವುದಿಲ್ಲವೆಂದು ಅಲ್ಲಿ ಹೋದ ಮೇಲೆ ನೆನಪಾಯಿತು. ಅಷ್ಟು ದೂರ ಬಂದಾಗಿತ್ತು, ದೋಣಿಮನೆ ಇನ್ನೂರು ಹೆಜ್ಜೆ. ತಿಹೊಮಿರ್ ಒಂದು ದೋಣಿಯನ್ನು ಬೋರಲು ಹಾಕಿ ಬಿರುಕಿಗೆ ಅಂಟು ಹಚ್ಚುತ್ತಿದ್ದ. ಎದ್ದು ನಿಂತ.

"ಶನಿವಾರ ಮಧ್ಯಾಹ್ನ ಮನೇಲಿ ಊಟ ಇರುತ್ತೆ," ಎಂದೆ. "ನಾನು ನಿನ್ನ ಕರೀತಿಲ್ಲ. ಸುದ್ದಿ ಹೇಳ್ತಿದ್ದೀನಿ."

ಅವನು ಅಂಟಿನ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. "ಸರಿ ಅಮ್ಮ. ನಾನೂ ಬರ್ತೀನಿ ಅಂತ ಹೇಳ್ತಿಲ್ಲ. ಸುದ್ದಿ ಕೇಳಿಸ್ಕೊಂಡೆ."

"ಆ ದೊಡ್ಡ ಊರಿನ ಮೂವರು ಇದ್ದಾರಲ್ಲ, ಅವರಿಗೆ ಮನೇಲಿ ಊಟ ಹಾಕೋರು ಇದ್ದಾರೋ ಇಲ್ಲವೋ?"

"ಇಬ್ಬರು ಹಾಸ್ಟೆಲಿನವರು. ಹಂದಿಮರಿ ಸಿಕ್ಕಿದ್ರೆ ಕೊಂಬಿನ ಸಮೇತ ತಿಂತಾರೆ."

"ಹಂದಿಗೆ ಕೊಂಬಿರಲ್ಲ."

"ಅದಕ್ಕೇ ತಟ್ಟೇಲಿ ಏನೂ ಉಳಿಯಲ್ಲ," ಎಂದ. ಬೆಟ್ಟದವರ ಹಾಸ್ಯ ಇಂಥದ್ದೇ.

ಸಹಿಯ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಇದನ್ನು ಸ್ರೆಟೆನ್ ನೋಡಿದ್ದರೆ ಏನೆನ್ನುತ್ತಿದ್ದನೋ. ನಲವತ್ತೇಳು ವರ್ಷದಲ್ಲಿ ಈ ಮನೆಯಿಂದ ಸ್ಲಾವಾಕ್ಕೆ ಯಾರಿಗೂ ಹೇಳಿಕಳಿಸಿದ್ದಿಲ್ಲ. ಹೇಳಿಕಳಿಸಿಯೂ ಇಲ್ಲ. ಸುದ್ದಿ, ಅಷ್ಟೇ.

ನವೆಂಬರ್ 15, ಶುಕ್ರವಾರ

ಗೋಧಿ ಬೇಯಿಸಿ ಅಕ್ರೋಟು ಸಕ್ಕರೆ ಬೆರೆಸಿದ್ದಾಯಿತು. ಸಂತನ ರೊಟ್ಟಿ ಚೆನ್ನಾಗಿ ಉಬ್ಬಿದೆ. ಮೇಲಿನ ಹಿಟ್ಟಿನ ಹೂವುಗಳನ್ನು ನೆವೆನಾ ಮಾಡಿದಳು. ಎಲೆಕೋಸಿನ ಸುರುಳಿ ನೂರ ಇಪ್ಪತ್ತು. ಕೈ ಅಳತೆ ಮರೆಯುವುದಿಲ್ಲ, ಯಾವಾಗಲೂ ಮೂವತ್ತು ಜನಕ್ಕೇ ಬರುತ್ತದೆ.

ಮಿಲೋಯೆ ಗಡಿಯಲ್ಲಿ ಸಿಕ್ಕಿಕೊಂಡಿದ್ದಾನೆ, ಬರುವುದಿಲ್ಲ.

ನವೆಂಬರ್ 17, ಭಾನುವಾರ

ನಿನ್ನೆ ಬರೆಯಲಾಗಲಿಲ್ಲ. ಸ್ಲಾವಾದ ದಿನ ಮನೆಯ ಯಜಮಾನರು ಕೂರಬಾರದು. ಬೆಳಿಗ್ಗೆಯಿಂದ ನಿಂತೇ ಇದ್ದೆ. ಕಾಲು ಬಾತಿದೆ.

ಪಾದ್ರಿ ಬಂದು ರೊಟ್ಟಿಗೆ ದ್ರಾಕ್ಷಾರಸ ಹಾಕಿ, ನನ್ನ ಜೊತೆ ಹಿಡಿದು ತಿರುಗಿಸಿ ಮುರಿದರು. ಹನ್ನೆರಡಕ್ಕೆ ಹಳಬರು ಆರು ಜನ ಬಂದರು. ಲೆಪೊಸಾವಾಳ ಲೆಕ್ಕ ಸರಿಯಿತ್ತು. ಕೂತರು, ಉಂಡರು, ಸತ್ತವರನ್ನು ಹೊಗಳಿದರು. ಒಂದೂವರೆಗೆ ಗಡಿಯಾರ ನೋಡತೊಡಗಿದರು. ನಾನು ಬಾಗಿಲ ಬಳಿ ನಿಂತಿದ್ದೆ. ನೆವೆನಾ ಬಾಗಿಲು ನೋಡದೆ ನನ್ನನ್ನೇ ನೋಡುತ್ತಿದ್ದಳು.

ಎರಡಕ್ಕೆ ಮೆಟ್ಟಿಲಲ್ಲಿ ಕುದುರೆಗಳು ಹತ್ತಿದಂತೆ ಸದ್ದಾಯಿತು. ತಿಹೊಮಿರ್, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ, ಕೈಯಲ್ಲಿ ವೈನಿನ ಸೀಸೆ. "ಸ್ಲಾವಾ ಶುಭವಾಗಲಿ ಅಮ್ಮ. ಈ ದಾರಿಲಿ ಹೋಗ್ತಿದ್ದೆ," ಎಂದ. ಅವನ ಹಿಂದೆ ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರದ ಮೂವರು ಹುಡುಗಿಯರು. ನೆವೆನಾ ಕಿರುಚಿದಳು. ಆ ಸದ್ದು ಈ ಮನೆಯಲ್ಲಿ ಎಷ್ಟು ಕಾಲದ ಮೇಲೆ ಕೇಳಿದ್ದೋ.

ಕುರ್ಚಿ ಸಾಲಲಿಲ್ಲ. ನಾನೇ ಮೇಲೆ ಹೋಗಿ ಲೆಪೊಸಾವಾಳ ಬಾಗಿಲು ತಟ್ಟಿದೆ. "ನಾಲ್ಕು ಕುರ್ಚಿ ಬೇಕಿತ್ತು."

"ಕೊಸಾರಾ ಕೇಳ್ತಿದ್ದಾಳೆ! ತಡಿ, ಈ ದಿನಾನ ಗೋಡೆ ಮೇಲೆ ಬರೆದಿಡ್ತೀನಿ," ಎಂದಳು. ಐದು ಕುರ್ಚಿ ತಂದಳು. ಐದನೆಯದರಲ್ಲಿ ತಾನೇ ಕೂತಳು.

ಹುಡುಗಿಯರು ಎಲೆಕೋಸಿನ ಸುರುಳಿ ತಿನ್ನುವುದನ್ನು ನೋಡಲೆಂದೇ ಅಡುಗೆಮನೆಯಿಂದ ಎರಡು ಸಲ ಹೊರಗೆ ಬಂದೆ. ಮೂರನೆಯ ಸಲ ನೆವೆನಾ ಪಾತ್ರೆ ತುಂಬಿಸಿಕೊಳ್ಳಲು ಒಳಗೆ ಬಂದಳು. ನಮ್ಮಿಬ್ಬರ ಹೊರತು ಅಲ್ಲಿ ಯಾರೂ ಇರಲಿಲ್ಲ.

"ಆ ದೋಣೀಲಿ ಅಂಥದ್ದೇನಿದೆ?" ಎಂದೆ.

ಪಾತ್ರೆ ಹಿಡಿದು ನಿಂತಳು. ನಾನು ಸುರುಳಿ ತೆಗೆಯುತ್ತ ಇದ್ದೆ.

"ನಾವು ಹಿಮ್ಮುಖವಾಗಿ ಕೂರೋದಲ್ವಾ ಅಜ್ಜಿ. ಒಬ್ಬಳ ದೋಣೀಲಿ, ಬಿಟ್ಟು ಬಂದಿದ್ದೇ ಕಣ್ಣೆದುರಿಗೆ. ಬರೀ ನೀರು. ಆ ದೋಣೀಲಿ ನನ್ನ ಎದುರಿಗೆ ಒಂದು ಬೆನ್ನಿರುತ್ತೆ. ಹಿಂದೆ ಒಬ್ಬರ ಉಸಿರು ಕೇಳ್ತಿರುತ್ತೆ. ಅಷ್ಟೇ."

"ಅಷ್ಟಕ್ಕೆ ಇಷ್ಟು ರಗಳೆ."

"ಹ್ಞೂಂ."

ಆಮೇಲೆ ಅವಳೇ ಕೇಳಿದಳು, "ವಾರವೆಲ್ಲ ನೀನು ಒಬ್ಬಳೇ ಏನು ಮಾಡ್ತೀಯ?"

ಕ್ಯಾಂಟೀನು, ಹದಿನಾಲ್ಕು ಜನ, ಎಂದೇನೋ ಹೇಳಲು ಹೊರಟೆ. ಹೊರಗೆ ಆ ಮೂವರು ಯಾವುದಕ್ಕೋ ಜೋರಾಗಿ ನಗುತ್ತಿದ್ದರು. "ಆರಿಹೋಗುತ್ತೆ, ತಗೊಂಡು ಹೋಗು," ಎಂದೆ.

ನೂರ ಇಪ್ಪತ್ತರಲ್ಲಿ ಒಂಬತ್ತು ಉಳಿದಿವೆ.

ನವೆಂಬರ್ 18, ಸೋಮವಾರ

ನೂರ ನಲವತ್ತೆರಡು, ಎಂಬತ್ತಾರು. ಸಹಿ ಹಾಕಿದೆ. ಹಾಸ್ಟೆಲಿನ ಅಡುಗೆಯವಳ ಹೆಸರು, ಫೋನ್ ನಂಬರು ಕೇಳಿ ಬರೆದುಕೊಂಡಿದ್ದೇನೆ.

ನವೆಂಬರ್ 20, ಬುಧವಾರ

ಹೊರಟಳು. ಬೆಳಗಿನ ಬಸ್ಸು.

ನವೆಂಬರ್ 21, ಗುರುವಾರ

ಸೂಪು ಹೆಚ್ಚಾಯಿತು. ಸಣ್ಣ ಪಾತ್ರೆ ಎಲ್ಲಿಟ್ಟಿದ್ದೇನೋ ಸಿಗಲಿಲ್ಲ.

ಡಿಸೆಂಬರ್ 1, ಭಾನುವಾರ

ಈ ಭಾನುವಾರ ನೆವೆನಾ ಬರಲಿಲ್ಲ. ನೀರು ಹೆಪ್ಪುಗಟ್ಟುವ ಮೊದಲು ಇನ್ನೊಂದು ವಾರ ಅಭ್ಯಾಸವಂತೆ. ಫೋನಿನಲ್ಲಿ ಹೇಳಿದಳು. ಗಂಟಲು ಚೆನ್ನಾಗಿದೆ. ಅಡುಗೆಯವಳು ಸೂಪಿಗೆ ಎಲುಬು ಹಾಕುತ್ತಾಳಂತೆ, ನಾನು ಹೇಳಿದ ಮೇಲೆ.

ದೋಣಿಮನೆಯ ಕಪಾಟಿನಲ್ಲಿ ಅವಳ ರಬ್ಬರ್ ಬೂಟು, ಟವೆಲು ಉಳಿದಿದ್ದವು. ತರಲು ಹೋದೆ. ತಿಹೊಮಿರ್ ಒಬ್ಬ ಹೊಸ ಹುಡುಗಿಯ ಜೊತೆ ಕೂತಿದ್ದ. ಹನ್ನೆರಡು ವರ್ಷವಿರಬಹುದು, ಕಡ್ಡಿಯಂಥ ಕೈ, ದೊಡ್ಡವರ ಜಾಕೆಟ್ಟು. ಮುಂದೆ ಅದೇ ಅಚ್ಚು ಹಾಕಿದ ಹಾಳೆ.

"ಇವಳ ತಾಯಿಗೆ ಇವತ್ತೂ ಪಾಳಿ ಕೆಲಸ ಬಿತ್ತಂತೆ," ಎಂದ. "ಹಿರಿಯರೊಬ್ಬರು ಇರಬೇಕು ಅಮ್ಮ. ಹತ್ತು ನಿಮಿಷ ಕೂತ್ಕೊಳ್ತೀರಾ?"

ಬೂಟು ಕೆಳಗಿಟ್ಟು ಸ್ಟೂಲಿನ ಮೇಲೆ ಕೂತೆ.

"ಹೇಳಮ್ಮ, ಏನು ಬೇಕು ನಿನಗೆ?" ಎಂದು ಅವನು ಕೇಳಿದ.

ಹುಡುಗಿ ಅವನನ್ನು ನೋಡಿದಳು, ಹಾಳೆಯನ್ನು ನೋಡಿದಳು, ಆಮೇಲೆ ನನ್ನನ್ನು. ನಾನು ಹೇಳಿಕೊಡುತ್ತೇನೆಂದು ತಿಳಿದಿರಬೇಕು. ನಾನು ಕೈಕಟ್ಟಿ ಕೂತೆ. ಹೊರಗೆ ನದಿಯ ಮೇಲೆ ಮಂಜು ಬಿದ್ದು ಆ ದಡ ಕಾಣುತ್ತಿರಲಿಲ್ಲ. ಹತ್ತು ನಿಮಿಷ ಕಳೆಯಿತು. ಹುಡುಗಿ ಜಾಕೆಟ್ಟಿನ ಜಿಪ್ಪನ್ನು ಮೇಲೆ ಎಳೆದಳು, ಕೆಳಗೆ ಎಳೆದಳು. ತಿಹೊಮಿರ್ ಗಡಿಯಾರ ನೋಡಿ, "ನಿಮಗೆ ತಡ ಆಗ್ತಿದ್ಯಾ ಅಮ್ಮ?" ಎಂದು ಮೆಲ್ಲಗೆ ಕೇಳಿದ.

"ಇಲ್ಲ," ಎಂದೆ. "ಅವಳು ಹೇಳಲಿ. ನನಗೆ ಮನೆಗೆ ಹೋಗೋ ಆತುರ ಏನೂ ಇಲ್ಲ."